ಕರಾಳ, ಭೀಕರ, ವರ್ಣನಾತೀತ: ಮಹಾಯುದ್ಧ ಮುಗಿದ ಮೇಲಿನ ಸುದ್ದಿಗಳಲ್ಲಿ ಕಪ್ಪು ಮಾತುಗಳು ಮಾಡಿದ ಕೆಲಸ

1945ರ ಸೆಪ್ಟೆಂಬರ್ 5ರಂದು ಲಂಡನ್ನಿನ ‘ಡೈಲಿ ಎಕ್ಸ್‌ಪ್ರೆಸ್’ ಪತ್ರಿಕೆಯಲ್ಲಿ ಒಂದು ವರದಿ ಬಂತು. ತಲೆಬರಹ ‘ಅಣು ಪ್ಲೇಗ್’. ಬರೆದವರು ಆಸ್ಟ್ರೇಲಿಯಾದ ವಿಲ್ಫ್ರೆಡ್ ಬರ್ಚೆಟ್. ಜಪಾನ್ ಶರಣಾಗತಿಗೆ ಸಹಿ ಹಾಕುವುದನ್ನು ನೋಡಲು ಬಹುಪಾಲು ವಿದೇಶಿ ವರದಿಗಾರರು ಅಮೆರಿಕದ ಯುದ್ಧನೌಕೆ ಹತ್ತಿದ್ದರು. ಇವರು ಮಾತ್ರ ಟೋಕಿಯೊದಲ್ಲಿ ರೈಲು ಹತ್ತಿ ಹಿರೋಶಿಮಾಕ್ಕೆ ಹೋದರು. ಊರಿನ ಅವಶೇಷಗಳ ನಡುವೆಯೇ ಕೂತು ಟೈಪ್ ಮಾಡಿದರು. ಇಷ್ಟೆಲ್ಲ ಮಾಡಿದವರ ಹೆಸರನ್ನು ಪತ್ರಿಕೆ ‘ಪೀಟರ್ ಬರ್ಚೆಟ್’ ಅಂತ ತಪ್ಪಾಗಿ ಅಚ್ಚು ಹಾಕಿತು, ಅದು ಬೇರೆ ಮಾತು.

ಬರ್ಚೆಟ್ ಆಸ್ಪತ್ರೆಯಲ್ಲಿ ಕಂಡದ್ದು ವಿಚಿತ್ರವಾಗಿತ್ತು. ಬಾಂಬ್ ಬಿದ್ದ ದಿನ ಒಂದು ಗಾಯವೂ ಆಗದೆ ಉಳಿದವರು ಒಂದು ತಿಂಗಳ ನಂತರ ಸಾಯುತ್ತಿದ್ದರು. ಕೂದಲು ಉದುರುತ್ತಿತ್ತು, ರಕ್ತ ಸೋರುತ್ತಿತ್ತು. ಇದು ಏನು ಕಾಯಿಲೆ ಅಂತ ಅಲ್ಲಿನ ಡಾಕ್ಟರುಗಳಿಗೂ ಗೊತ್ತಿರಲಿಲ್ಲ. ಹೆಸರಿಲ್ಲದ ಆ ಕಾಯಿಲೆಗೆ ಬರ್ಚೆಟ್ ಪ್ಲೇಗ್ ಅಂತ ಹೆಸರಿಟ್ಟರು. ಡಾಕ್ಟರ ಲೆಕ್ಕದಲ್ಲಿ ಅದು ತಪ್ಪು. ಪ್ಲೇಗ್ ರೋಗಾಣುವಿನಿಂದ ಹರಡುವ ಕಾಯಿಲೆ, ಇದು ಹರಡುವುದಿಲ್ಲ.

ಎಂಟು ದಿನ ಕಳೆಯಿತು. ಸೆಪ್ಟೆಂಬರ್ 13ರ ‘ನ್ಯೂಯಾರ್ಕ್ ಟೈಮ್ಸ್’ ಹಿರೋಶಿಮಾದ ಅವಶೇಷಗಳಲ್ಲಿ ವಿಕಿರಣ ಇಲ್ಲ ಎಂಬ ಅರ್ಥದ ತಲೆಬರಹ ಹಾಕಿತು. ಮಾಹಿತಿ ಕೊಟ್ಟವರು ಅಣುಬಾಂಬ್ ಯೋಜನೆಯ ಜನರಲ್ ಥಾಮಸ್ ಫ್ಯಾರೆಲ್. ಅಷ್ಟು ಹೊತ್ತಿಗೆ ನೆಲದಲ್ಲಿ ಉಳಿದಿದ್ದ ವಿಕಿರಣ ತೀರಾ ಕಡಿಮೆಯಾಗಿತ್ತು, ಅದು ನಿಜವೇ. ಆದರೆ ಆಸ್ಪತ್ರೆಯಲ್ಲಿದ್ದವರು ಸಾಯುತ್ತಿದ್ದದ್ದು ನೆಲದ ವಿಕಿರಣದಿಂದಲ್ಲ, ಸ್ಫೋಟದ ಹೊತ್ತಿನಲ್ಲಿ ಮೈಗೆ ತಾಗಿದ್ದರಿಂದ. ಹಾಗಾಗಿ ಉತ್ಪ್ರೇಕ್ಷೆಯ ಹೆಸರಿಟ್ಟ ವರದಿ ಓದುಗರನ್ನು ನಿಜದ ಹತ್ತಿರ ಕರೆದೊಯ್ದಿತು. ಅಳೆದು ತೂಗಿ ಬರೆದಂತೆ ಕಾಣುವ ವರದಿ ದೂರ ಕರೆದೊಯ್ದಿತು.

ಯುದ್ಧಾನಂತರದ ಸುದ್ದಿಯ ಭಾಷೆಯನ್ನು ನೋಡುವಾಗ ಇದು ತಲೆಯಲ್ಲಿರಬೇಕು. ಕತ್ತಲೆ, ಸಾವು, ಹಸಿವು, ಕುಸಿತ, ಬಿಕ್ಕಟ್ಟು ಅಂತ ಪತ್ರಿಕೆಗಳು ಬರೆದವು ಎಂದ ಮಾತ್ರಕ್ಕೆ ಉತ್ಪ್ರೇಕ್ಷೆ ಅನ್ನಲಾಗದು. ಬರೆಯಲಿಲ್ಲ ಎಂದ ಮಾತ್ರಕ್ಕೆ ಅದು ಸಂಯಮವೂ ಅಲ್ಲ. 1945ರಿಂದ 1948ರವರೆಗಿನ ಮೂರು ವರ್ಷದ ವರದಿಗಳಲ್ಲಿ ನನಗೆ ಕಾಣುವುದು ಇಷ್ಟು: ಕಪ್ಪು ಮಾತಿನಿಂದ ಉಪಯೋಗ ಇದ್ದ ಕಡೆ ಅದು ಉಬ್ಬಿತು, ತೊಂದರೆ ಆಗುವ ಕಡೆ ಅದಕ್ಕೆ ಕತ್ತರಿ ಬಿತ್ತು.

ಮೊದಲು ಕಣ್ಣಿಗೆ ಕಂಡದ್ದರಿಂದ ಹುಟ್ಟಿದ ಮಾತುಗಳನ್ನು ನೋಡೋಣ. 1945ರ ವಸಂತದಲ್ಲಿ ಮಿತ್ರಸೇನೆಯ ಜೊತೆ ಜರ್ಮನಿಗೆ ಹೋದ ವರದಿಗಾರರ ಎದುರು ಇದ್ದದ್ದು ಕಲೋನ್, ಹ್ಯಾಂಬರ್ಗ್, ಬರ್ಲಿನ್‌ನಂಥ ಊರುಗಳು. ಛಾವಣಿ ಇಲ್ಲದ ಗೋಡೆಗಳು, ಕಿಟಕಿಯಲ್ಲಿ ಆಕಾಶ. ಸತ್ತ ಊರು, ಅಸ್ಥಿಪಂಜರ, ಚಂದ್ರನ ನೆಲ, ದೆವ್ವದ ನಗರ, ಹೀಗೆ ಮಾತುಗಳು ಸಾಲುಗಟ್ಟಿದವು. ಆಗ ‘ಅಬ್ಸರ್ವರ್’ ಪತ್ರಿಕೆಗೆ ಯುರೋಪಿನಿಂದ ವರದಿ ಕಳಿಸುತ್ತಿದ್ದ ಜಾರ್ಜ್ ಆರ್ವೆಲ್ ಕೂಡ, ಈ ಊರುಗಳಲ್ಲಿ ನಡೆದಾಡಿದರೆ ನಾಗರಿಕತೆ ಮುಂದುವರಿಯುತ್ತದೆಯೇ ಎಂಬ ಅನುಮಾನ ನಿಜಕ್ಕೂ ಬರುತ್ತದೆ ಎಂದು ಬರೆದರು. ಮೊದಲ ಸಲ ಓದಿದವರಿಗೆ ಈ ಮಾತುಗಳು ನಾಟಿದವು.

ಐವತ್ತನೇ ಸಲ ಓದುವಾಗ ಏನಾಗುತ್ತದೆ? ಖಾರ ತಿಂದು ಒಗ್ಗಿದ ನಾಲಿಗೆಗೆ ಮಾರನೇ ದಿನ ಇನ್ನೆರಡು ಮೆಣಸಿನಕಾಯಿ ಜಾಸ್ತಿ ಬೇಕು. ಸುದ್ದಿಯಲ್ಲೂ ಹಾಗೇ ಆಯಿತು. ‘ಹಾಳಾದ’ ಸಾಲದೆ ‘ಸಂಪೂರ್ಣ ಹಾಳಾದ’, ಅದೂ ಸಾಲದೆ ‘ಮಾತಿಗೆ ನಿಲುಕದ’. ಕೊನೆಗೆ ಬಂದು ನಿಂತದ್ದು ‘ವರ್ಣನಾತೀತ’ದ ಹತ್ತಿರ. ವರ್ಣಿಸುವುದೇ ಕೆಲಸವಾಗಿರುವ ಮನುಷ್ಯ ಹೀಗೆ ಬರೆದರೆ, ಕೆಲಸ ಬಿಟ್ಟೆ ಅಂತ ಹೇಳಿದ ಹಾಗೆಯೇ ಅಲ್ವಾ?

ಇದನ್ನು ಆಗಲೇ ಹಿಡಿದು ಕೇಳಿದವನೊಬ್ಬ ಇದ್ದ. ಸ್ವೀಡನ್ನಿನ ಸ್ಟಿಗ್ ಡಾಗರ್ಮನ್, ಇಪ್ಪತ್ತಮೂರರ ಹುಡುಗ. 1946ರ ಶರತ್ಕಾಲದಲ್ಲಿ ‘ಎಕ್ಸ್‌ಪ್ರೆಸ್ಸೆನ್’ ಪತ್ರಿಕೆ ಅವನನ್ನು ಜರ್ಮನಿಗೆ ಕಳಿಸಿತು. ಆ ಚಳಿಗಾಲದ ಹೊತ್ತಿಗೆ ಅಲ್ಲಿ ಎಷ್ಟೋ ಕುಟುಂಬಗಳು ಮುರಿದ ಕಟ್ಟಡಗಳ ನೆಲಮಾಳಿಗೆಯಲ್ಲಿ ಬದುಕುತ್ತಿದ್ದವು. ಮಳೆ ಬಂದರೆ ನೆಲದ ತುಂಬ ನೀರು. ಈ ಕುಟುಂಬಗಳು ಪಾತ್ರೆಯಲ್ಲಿ ಬೇಯಿಸುವುದು ವರ್ಣನಾತೀತ ಅಂತ ಒಬ್ಬ ಡಾಕ್ಟರು ವಿದೇಶಿ ಸಂದರ್ಶಕನಿಗೆ ಹೇಳುತ್ತಾನೆ. ಡಾಗರ್ಮನ್ ಅಲ್ಲೇ ತಡೆಯುತ್ತಾನೆ. ವರ್ಣನಾತೀತ ಏನೂ ಅಲ್ಲ. ಎಲ್ಲಿಂದಲೋ ತಂದ, ಯಾವ ಪ್ರಾಣಿಯದೆಂದು ಗೊತ್ತಿಲ್ಲದ ಮಾಂಸ. ಎಲ್ಲೋ ಸಿಕ್ಕಿದ ಕೊಳಕು ತರಕಾರಿ. ನೋಡಲು ಅಸಹ್ಯ, ಅಷ್ಟೇ. ಅಸಹ್ಯವಾದದ್ದನ್ನು ವರ್ಣಿಸಬಹುದು ಎನ್ನುವುದು ಅವನ ವಾದ.

ಅವನಿಗೆ ಇದಕ್ಕಿಂತ ಹೆಚ್ಚು ಸಿಟ್ಟು ತರಿಸಿದ್ದು ಸಹೋದ್ಯೋಗಿಗಳ ಒಂದು ಪ್ರಶ್ನೆ. ಆ ನೀರು ನಿಂತ ನೆಲಮಾಳಿಗೆಗೆ ಇಳಿದು, ಅಲ್ಲಿನವರನ್ನು ‘ಹಿಟ್ಲರನ ಕಾಲದಲ್ಲಿ ಚೆನ್ನಾಗಿದ್ದಿರಾ?’ ಅಂತ ಕೇಳುವುದು. ಮೊಣಕಾಲಿನವರೆಗೆ ಒದ್ದೆಯಾದವರು ಏನು ಹೇಳುತ್ತಾರೆ? ಹೌದು ಅನ್ನುತ್ತಾರೆ. ವರದಿಗಾರ ಮೇಲೆ ಬಂದು, ಜರ್ಮನ್ನರು ಇನ್ನೂ ನಾಜಿಗಳೇ, ಭವಿಷ್ಯ ಕರಾಳ ಅಂತ ಬರೆಯುತ್ತಾನೆ. ಉತ್ತರ ಹುಟ್ಟಿದ್ದು ಹಸಿವಿನಿಂದ, ಅಚ್ಚಾದದ್ದು ರಾಜಕೀಯ ಅಭಿಪ್ರಾಯವಾಗಿ. ಇಂಥ ಕಡೆ ಕಪ್ಪು ಮಾತಿಗೆ ಎರಡು ಪಾಲು ಮೋಸ ಇದೆ. ಕಂಡದ್ದನ್ನು ಹೇಳುವುದಿಲ್ಲ, ಕಾಣದ್ದನ್ನು ಭವಿಷ್ಯ ನುಡಿಯುತ್ತದೆ.

ಡಾಗರ್ಮನ್‌ನ ಇನ್ನೊಂದು ಸಣ್ಣ ಗಮನಿಕೆ ನನಗೆ ಬಹಳ ಇಷ್ಟ. ಹ್ಯಾಂಬರ್ಗಿನಲ್ಲಿ ರೈಲು ಮೈಲಿಗಟ್ಟಲೆ ಅವಶೇಷಗಳ ನಡುವೆ ಹಾದು ಹೋಗುತ್ತದೆ. ಬೋಗಿ ತುಂಬ ಜನ. ಒಬ್ಬರೂ ಕಿಟಕಿಯಿಂದ ಹೊರಗೆ ನೋಡುವುದಿಲ್ಲ. ಇವನೊಬ್ಬ ನೋಡುತ್ತಾನೆ. ನೋಡುತ್ತಿರುವುದರಿಂದಲೇ ಇವನು ಹೊರಗಿನವನು ಅಂತ ಎಲ್ಲರಿಗೂ ತಿಳಿಯುತ್ತದೆ. ‘ದುಃಖದ ನಗರ’ ಅಂತ ಇಡೀ ಊರಿಗೆ ಒಂದು ಹಣೆಪಟ್ಟಿ ಹಚ್ಚಿದ್ದರೆ ಈ ದೃಶ್ಯ ಸಿಗುತ್ತಿರಲಿಲ್ಲ.

ಎಲ್ಲ ತಪ್ಪನ್ನೂ ವರದಿಗಾರರ ತಲೆಗೆ ಕಟ್ಟುವುದೂ ಸರಿಯಲ್ಲ. ಆಗ ವಿದೇಶದಿಂದ ಸುದ್ದಿ ಬರುತ್ತಿದ್ದದ್ದು ತಂತಿಯಲ್ಲಿ, ಪದಕ್ಕಿಷ್ಟು ಅಂತ ದುಡ್ಡು ಕೊಟ್ಟು. ಕಾಗದಕ್ಕೂ ಬರ. ಬ್ರಿಟನ್ನಿನಲ್ಲಿ ಸುದ್ದಿಕಾಗದಕ್ಕೆ ಯುದ್ಧ ಕಾಲದಲ್ಲಿ ಬಂದ ಪಡಿತರ 1950ರ ದಶಕದ ನಡುವಿನ ತನಕ ನಡೆಯಿತು. ದೊಡ್ಡ ದಿನಪತ್ರಿಕೆಗಳೂ ನಾಲ್ಕೇ ಪುಟಕ್ಕೆ ಇಳಿದಿದ್ದವು. ನಾಲ್ಕು ಪುಟದಲ್ಲಿ ಇಡೀ ಲೋಕ ಹಿಡಿಸಬೇಕಾದರೆ ತಲೆಬರಹಕ್ಕೆ ಗಿಡ್ಡ ಪದ ಬೇಕು. ಕಡಿತ, ಕೊರತೆ, ಬರ, ಭಯ, ಬಿಕ್ಕಟ್ಟು. ‘ಕಲ್ಲಿದ್ದಲು ಸಾಗಣೆ ಎರಡು ವಾರ ತಡವಾಗಿದೆ, ಆದರೆ ಗಣಿಗಳಲ್ಲಿ ಉತ್ಪಾದನೆ ನಡೆದಿದೆ’ ಅನ್ನುವುದಕ್ಕೆ ಜಾಗ ಇಲ್ಲ. ‘ಕಲ್ಲಿದ್ದಲು ಬಿಕ್ಕಟ್ಟು’ ಅನ್ನಲು ಇದೆ. ಸಮಾಧಾನದ ವಿವರಣೆ ಯಾವಾಗಲೂ ಉದ್ದ. ಜಾಗ ಕಡಿಮೆಯಾದಾಗ ಮೊದಲು ಹೋಗುವುದು ಅದೇ.

ಹಾಗಂತ ಬಿಕ್ಕಟ್ಟು ಸುಳ್ಳಾಗಿರಲಿಲ್ಲ. ಯುದ್ಧ ನಡೆಯುವಾಗಲೂ ಬ್ರೆಡ್ಡಿಗೆ ಪಡಿತರ ಹಾಕದ ಬ್ರಿಟನ್, ಗೆದ್ದ ಮೇಲೆ 1946ರ ಜುಲೈನಲ್ಲಿ ಹಾಕಿತು. ಮುಂದಿನ ಚಳಿಗಾಲ ಭಾರೀ ಹಿಮ ಬಿದ್ದು ಕಲ್ಲಿದ್ದಲು ಗಣಿಯ ಬಾಯಲ್ಲೇ ಉಳಿಯಿತು. 1947ರ ಫೆಬ್ರುವರಿ 7ರಂದು ಇಂಧನ ಸಚಿವ ಇಮ್ಯಾನುಯೆಲ್ ಶಿನ್‌ವೆಲ್ ಸಂಸತ್ತಿನಲ್ಲಿ ಎದ್ದು ನಿಂತು, ದೇಶದ ದೊಡ್ಡ ಭಾಗದಲ್ಲಿ ಕಾರ್ಖಾನೆಗಳಿಗೆ ಕರೆಂಟ್ ಇಲ್ಲ, ಮನೆಗಳಿಗೂ ಹಗಲಲ್ಲಿ ಐದು ಗಂಟೆ ಇಲ್ಲ ಅಂದರು. ಸ್ವಲ್ಪ ಕಾಲ ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಜನ ಕೆಲಸವಿಲ್ಲದೆ ಕೂತರು. ವಾರಪತ್ರಿಕೆಗಳನ್ನೇ ಎರಡು ವಾರ ನಿಲ್ಲಿಸಲಾಯಿತು. ಶಿನ್‌ವೆಲ್ ಜೊತೆ ನಡುಗಿ, ಆಹಾರ ಸಚಿವ ಸ್ಟ್ರೇಚಿ ಜೊತೆ ಉಪವಾಸ ಬೀಳಿ ಎಂಬ ಪ್ರಾಸದ ಘೋಷಣೆ ವಿರೋಧಿಗಳ ಬಾಯಲ್ಲಿ ಓಡಾಡಿತು. ಆ ತಿಂಗಳು ‘ಕತ್ತಲೆ’ ಅಂತ ಬರೆದ ಬ್ರಿಟಿಷ್ ಪತ್ರಕರ್ತ ಅಲಂಕಾರಕ್ಕೆ ಬರೆಯಲಿಲ್ಲ. ಮನೆಯಲ್ಲಿ ದೀಪ ಇರಲಿಲ್ಲ.

ಈಗ ಉಬ್ಬಿದ ಮಾತುಗಳ ಕಡೆ ಬರೋಣ. ಗೆಲುವಿನ ನಂತರ ಅಮೆರಿಕದ ಓದುಗರಿಗೆ ಯುರೋಪ್ ಸಾಕಾಗಿತ್ತು. ಸೈನಿಕರು ಮನೆಗೆ ಬಂದರೆ ಸಾಕು. ಈ ಮನಸ್ಥಿತಿಯನ್ನು ಅಲುಗಿಸಲು ಗಾಬರಿ ಬೇಕಾಯಿತು. 1946ರ ಜನವರಿಯಲ್ಲೇ ‘ಲೈಫ್’ ಪತ್ರಿಕೆ ಅಮೆರಿಕನ್ನರು ಯುರೋಪಿನಲ್ಲಿ ಗೆಲುವನ್ನು ಕಳೆದುಕೊಳ್ಳುತ್ತಿದ್ದಾರೆ ಎಂಬ ಲೇಖನ ಹಾಕಿತು. ಬರೆದವರು ಕಾದಂಬರಿಕಾರ ಜಾನ್ ಡಾಸ್ ಪ್ಯಾಸಸ್. 1947ರ ವಸಂತಕ್ಕೆ ಈ ದನಿ ತಾರಕಕ್ಕೆ ಹೋಯಿತು. ಏಪ್ರಿಲ್ 28ರಂದು ಅಮೆರಿಕದ ವಿದೇಶಾಂಗ ಸಚಿವ ಜಾರ್ಜ್ ಮಾರ್ಷಲ್ ರೇಡಿಯೊದಲ್ಲಿ, ಡಾಕ್ಟರುಗಳು ಚರ್ಚಿಸುತ್ತ ಕೂತಿದ್ದಾರೆ, ರೋಗಿ ಮುಳುಗುತ್ತಿದ್ದಾನೆ ಎಂದರು. ಮೇ 14ರಂದು ಲಂಡನ್ನಿನಲ್ಲಿ ಚರ್ಚಿಲ್, ಯುರೋಪ್ ಈಗ ಕಲ್ಲುಮಣ್ಣಿನ ರಾಶಿ, ಹೆಣದ ಮನೆ, ರೋಗ ಮತ್ತು ದ್ವೇಷ ಹುಟ್ಟುವ ಜಾಗ ಎಂದರು. ಪತ್ರಿಕೆಗಳಿಗೆ ಇನ್ನೇನು ಬೇಕು? ಬಾಯಿಗೆ ಬಾಯಿ ಕೂಡಿತು.

ರೋಗಿಯ ಉಪಮೆ ಎಷ್ಟು ಜಾಣತನದ್ದು ನೋಡಿ. ಊರು ಹಾಳಾಗಿದೆ ಅಂದರೆ ನೋಡುವವರು ಅಯ್ಯೋ ಅನ್ನುತ್ತಾರೆ, ಅಷ್ಟಕ್ಕೇ ಮುಗಿಯುತ್ತದೆ. ರೋಗಿ ಸಾಯುತ್ತಿದ್ದಾನೆ ಅಂದರೆ ಗಡಿಯಾರ ಓಡತೊಡಗುತ್ತದೆ. ಯಾರಾದರೂ ಔಷಧಿ ತರಲೇಬೇಕು, ಅದೂ ಈಗಲೇ. ಹಾಳು ಊರಿನ ಮಾತು ಆಗಿಹೋದದ್ದನ್ನು ಹೇಳುತ್ತದೆ. ರೋಗಿಯ ಮಾತು ಮುಂದಾಗುವುದನ್ನು ಹೇಳಿ, ಕೇಳಿದವರ ಮೇಲೆ ಒಂದು ಹೊಣೆ ಹೊರಿಸುತ್ತದೆ.

ಔಷಧಿ ಬಂತು. ಜೂನ್ 5ರಂದು ಮಾರ್ಷಲ್ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಯುರೋಪಿಗೆ ನೆರವಿನ ಪ್ರಸ್ತಾಪ ಮಾಡಿದರು. ಭಾಷಣ ಅಷ್ಟೇನೂ ಬಿಸಿ ಇರಲಿಲ್ಲ, ಓದಿದರೆ ಆಕಳಿಕೆ ಬರುತ್ತದೆ. ಆದರೆ ಅವರ ಕೈಕೆಳಗಿನ ಡೀನ್ ಅಚೆಸನ್ ವಾಷಿಂಗ್ಟನ್ನಿನಲ್ಲಿದ್ದ ಬ್ರಿಟಿಷ್ ವರದಿಗಾರರಿಗೆ ಇದು ದೊಡ್ಡ ಸುದ್ದಿ ಅಂತ ಮೊದಲೇ ಸುಳಿವು ಕೊಟ್ಟಿದ್ದರು. ಬಿಬಿಸಿಯ ಲೆನಾರ್ಡ್ ಮಯಲ್ ಅಂದು ರಾತ್ರಿ ಅದನ್ನು ರೇಡಿಯೊದಲ್ಲಿ ಹೇಳಿದರು, ಬ್ರಿಟನ್ನಿನ ವಿದೇಶಾಂಗ ಸಚಿವ ಅರ್ನೆಸ್ಟ್ ಬೆವಿನ್ ಕೇಳಿಸಿಕೊಂಡು ಕೂಡಲೇ ಕೆಲಸಕ್ಕೆ ಇಳಿದರು. 1948ರ ಏಪ್ರಿಲ್ 3ರಂದು ಕಾನೂನಿಗೆ ಸಹಿ ಬಿತ್ತು. ನಾಲ್ಕು ವರ್ಷದಲ್ಲಿ ಸುಮಾರು 1,300 ಕೋಟಿ ಡಾಲರ್ ಯುರೋಪಿಗೆ ಹೋಯಿತು.

ಹಾಗಾದರೆ ರೋಗಿ ನಿಜಕ್ಕೂ ಸಾಯುತ್ತಿದ್ದನೇ? ಬ್ರಿಟಿಷ್ ಇತಿಹಾಸಕಾರ ಆಲನ್ ಮಿಲ್ವರ್ಡ್ 1984ರಲ್ಲಿ ಇದನ್ನೇ ಲೆಕ್ಕ ಹಾಕಿ ನೋಡಿದರು. ಅವರ ಪ್ರಕಾರ ಜರ್ಮನಿ ಬಿಟ್ಟರೆ ಪಶ್ಚಿಮ ಯುರೋಪಿನ ಹೆಚ್ಚಿನ ದೇಶಗಳಲ್ಲಿ ಕಾರ್ಖಾನೆಗಳು 1947ರ ಹೊತ್ತಿಗೆ ಚೆನ್ನಾಗಿಯೇ ಚೇತರಿಸಿಕೊಳ್ಳುತ್ತಿದ್ದವು. ಅಷ್ಟು ಜೋರಾಗಿ ಕಟ್ಟುತ್ತಿದ್ದದ್ದಕ್ಕೇ ಅಮೆರಿಕದಿಂದ ಯಂತ್ರ, ಕಲ್ಲಿದ್ದಲು, ಕಚ್ಚಾವಸ್ತು ತರಿಸಬೇಕಾಯಿತು, ಅದಕ್ಕೆ ಕೊಡಲು ಡಾಲರ್ ಸಾಲಲಿಲ್ಲ. ಅಂದರೆ ತೊಂದರೆ ಇದ್ದದ್ದು ಡಾಲರಿನದು, ಜೀವ ಹೋಗುವಂಥದ್ದಲ್ಲ. ಎಲ್ಲ ಇತಿಹಾಸಕಾರರೂ ಇದನ್ನು ಒಪ್ಪುವುದಿಲ್ಲ. ಊರುಗಳಲ್ಲಿ ಹಸಿವು ಇದ್ದದ್ದಂತೂ ದಿಟ. ಗೆದ್ದ ದೇಶಗಳು ಜರ್ಮನಿಯನ್ನು ವಲಯಗಳಾಗಿ ಹಂಚಿಕೊಂಡು ಆಳುತ್ತಿದ್ದವು; 1946ರ ಮಾರ್ಚಿನಲ್ಲಿ ಬ್ರಿಟಿಷ್ ವಲಯದಲ್ಲಿ ಒಬ್ಬರಿಗೆ ದಿನದ ಪಡಿತರವನ್ನು ಸುಮಾರು 1,000 ಕ್ಯಾಲೊರಿಗೆ ಇಳಿಸಿದ್ದರು. ಆರೋಗ್ಯವಾಗಿರುವುದಕ್ಕೆ ಬೇಕಾದದ್ದರ ಅರ್ಧವೂ ಕಷ್ಟ. ಆ ವರ್ಷದ ಕೊನೆಯ ದಿನ ಕಲೋನ್‌ನ ಕಾರ್ಡಿನಲ್ ಫ್ರಿಂಗ್ಸ್ ಚರ್ಚಿನಲ್ಲಿ ಮಾತಾಡುತ್ತ, ಜೀವ ಉಳಿಸಿಕೊಳ್ಳಲು ಬೇರೆ ದಾರಿಯೇ ಇಲ್ಲದಿದ್ದರೆ ಬೇಕಾದಷ್ಟನ್ನು ತೆಗೆದುಕೊಳ್ಳುವುದು ತಪ್ಪಲ್ಲ ಎಂಬಂತೆ ಹೇಳಿದರು. ರೈಲಿನಿಂದ ಕಲ್ಲಿದ್ದಲು ಕದಿಯುವುದಕ್ಕೆ ಜನ ಅವರ ಹೆಸರನ್ನೇ ಇಟ್ಟರು. ‘ಫ್ರಿಂಗ್ಸಿಸಿ’ಕೊಂಡು ಬಂದೆ ಅನ್ನುವ ಹಾಗೆ. ಪತ್ರಿಕೆಗಳ ಕಪ್ಪು ಭಾಷೆಯಲ್ಲಿ ಇಂಥ ನಗುವಿಗೆ ಜಾಗವೇ ಇರುತ್ತಿರಲಿಲ್ಲ.

ಜಪಾನಿನಲ್ಲಿ ಕಥೆ ಪೂರ್ತಿ ಉಲ್ಟಾ. ಅಲ್ಲಿ ಕಪ್ಪು ಮಾತಿಗೆ ಕಾವಲು ಕೂತಿತ್ತು. ಬರ್ಚೆಟ್ ವರದಿ ಬಂದ ಎರಡು ವಾರಕ್ಕೆ, ಸೆಪ್ಟೆಂಬರ್ 18ರಂದು, ಜಪಾನಿನ ‘ಅಸಾಹಿ’ ಪತ್ರಿಕೆಯನ್ನು, ಸೋತ ದೇಶವನ್ನು ಆಗ ಆಳುತ್ತಿದ್ದ ಅಮೆರಿಕದ ಆಡಳಿತ ಎರಡು ದಿನ ನಿಲ್ಲಿಸಿತು. ಮರುದಿನವೇ ಏನು ಬರೆಯಬಾರದು ಅಂತ ಹೇಳುವ ಪತ್ರಿಕಾ ನಿಯಮಾವಳಿ ಬಂತು. ನಾಗಸಾಕಿಗೆ ಹೋಗಿದ್ದ ಅಮೆರಿಕದ ವರದಿಗಾರ ಜಾರ್ಜ್ ವೆಲ್ಲರ್, ಹೆಸರು ಗೊತ್ತಿಲ್ಲದ ಕಾಯಿಲೆಯನ್ನು ‘ಎಕ್ಸ್ ರೋಗ’ ಎಂದು ಕರೆದು ಪುಟಗಟ್ಟಲೆ ಬರೆದರು. ಒಂದೂ ಅಚ್ಚಾಗಲಿಲ್ಲ. ಅವರು ತೀರಿಕೊಂಡ ಮೇಲೆ, ಈ ಶತಮಾನದಲ್ಲಿ ಅದರ ನಕಲು ಸಿಕ್ಕಿತು.

ಸೆನ್ಸಾರ್ ಅಧಿಕಾರಿಗಳು ಯಾವ ಯಾವ ಕಾರಣಕ್ಕೆ ಸಾಲು ಹೊಡೆಯಬೇಕು ಅಂತ ಒಂದು ಪಟ್ಟಿ ಇಟ್ಟುಕೊಂಡಿದ್ದರು. ಅದರಲ್ಲಿ ಒಂದು, ಉಪವಾಸದ ಬಗ್ಗೆ ಅತಿಯಾಗಿ ಬರೆಯುವುದು. ಅತಿ ಯಾವುದು ಅಂತ ತೀರ್ಮಾನಿಸುವವರು ಅವರೇ. 1946ರ ಮೇ 19ರಂದು ಟೋಕಿಯೊದ ಅರಮನೆ ಎದುರು ಸುಮಾರು ಎರಡೂವರೆ ಲಕ್ಷ ಜನ ಅನ್ನಕ್ಕಾಗಿ ಸೇರಿದ್ದರು, ಅಂಥ ಕಾಲ ಅದು. ಇನ್ನೊಂದು ನಿಯಮ ಇದಕ್ಕಿಂತ ನಾಜೂಕಿನದು. ಸೆನ್ಸಾರ್ ಆಗಿದೆ ಅಂತ ಓದುಗರಿಗೆ ಗೊತ್ತಾಗಬಾರದು. ಯುದ್ಧಕ್ಕೆ ಮುಂಚೆ ಜಪಾನಿ ಪತ್ರಿಕೆಗಳು ಹೊಡೆದುಹಾಕಿದ ಪದದ ಜಾಗದಲ್ಲಿ ಗುಣಿಸು ಚಿಹ್ನೆಯನ್ನೋ ಚುಕ್ಕೆಯನ್ನೋ ಹಾಕುತ್ತಿದ್ದವು. ಇಲ್ಲೇನೋ ಇತ್ತು ಅಂತ ಓದುಗ ಊಹಿಸುತ್ತಿದ್ದ. ಈಗ ಅದಕ್ಕೂ ಬಿಡಲಿಲ್ಲ. ಖಾಲಿ ಜಾಗವನ್ನು ಬೇರೆ ವಾಕ್ಯದಿಂದ ತುಂಬಿಸಿ ಅಚ್ಚುಕಟ್ಟು ಮಾಡಬೇಕು.

ಜನ ತಮ್ಮದೇ ಮಾತು ಹುಟ್ಟಿಸಿಕೊಂಡರು. ಬಟ್ಟೆಬರೆಯನ್ನು ಒಂದೊಂದಾಗಿ ಮಾರಿ ಅಕ್ಕಿ ತರುವುದಕ್ಕೆ ‘ಕಳಲೆ ಬದುಕು’ ಎಂದರು, ಪದರ ಪದರವಾಗಿ ಸಿಪ್ಪೆ ಸುಲಿಯುತ್ತಾ ಹೋಗುವುದರಿಂದ. ಮಲೆನಾಡಿನಲ್ಲಿ ಕಳಲೆ ಸುಲಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1947ರ ಅಕ್ಟೋಬರ್‌ನಲ್ಲಿ ಟೋಕಿಯೊದ ನ್ಯಾಯಾಧೀಶ ಯಮಗುಚಿ ಯೋಶಿತಾಡಾ ಹಸಿವಿನಿಂದ ಸತ್ತರು. ಕಾಳಸಂತೆಯ ಕೇಸುಗಳನ್ನು ವಿಚಾರಣೆ ಮಾಡುವ ತಾನು ಕಾಳಸಂತೆಯ ಅಕ್ಕಿ ತಿನ್ನಬಾರದು ಅಂತ ಪಡಿತರದಲ್ಲೇ ಬದುಕಲು ಹಠ ಹಿಡಿದಿದ್ದರು. ಈ ಸುದ್ದಿ ಪತ್ರಿಕೆಯಲ್ಲಿ ಬಂತು, ದೇಶವೇ ಮಾತಾಡಿತು. ಪಡಿತರದಲ್ಲಿ ಮನುಷ್ಯ ಬದುಕಲಾರ ಅಂತ ಹೇಳಲು ಆ ಸಾವಿನ ಸುದ್ದಿಗೆ ಒಂದು ವಿಶೇಷಣವೂ ಬೇಕಾಗಿರಲಿಲ್ಲ.

ಅಧಿಕಾರ ಒಂದು ಪದಕ್ಕೆ ಹೆದರುವುದು ನಮಗೇನೂ ಹೊಸದಲ್ಲ. 1943ರಲ್ಲಿ ಬಂಗಾಳದಲ್ಲಿ ಲಕ್ಷಗಟ್ಟಲೆ ಜನ ಸಾಯುತ್ತಿದ್ದಾಗ ಸರ್ಕಾರ ‘ಕ್ಷಾಮ’ ಅಂತ ಅಧಿಕೃತವಾಗಿ ಘೋಷಿಸಲೇ ಇಲ್ಲ. ಘೋಷಿಸಿದರೆ ಕ್ಷಾಮ ಸಂಹಿತೆಯ ಪ್ರಕಾರ ಪರಿಹಾರ ಶುರು ಮಾಡಬೇಕಿತ್ತು. ಕಲ್ಕತ್ತದ ‘ಸ್ಟೇಟ್ಸ್‌ಮನ್’ ಸಂಪಾದಕ ಇಯಾನ್ ಸ್ಟೀಫನ್ಸ್ ಆಗಸ್ಟ್ 22ರಂದು ಬೀದಿಯಲ್ಲಿ ಸಾಯುತ್ತಿದ್ದವರ ಫೋಟೋಗಳನ್ನೇ ಅಚ್ಚು ಹಾಕಿದರು. ಪದಕ್ಕೆ ಅಡ್ಡಿ ಇದ್ದ ಕಡೆ ಚಿತ್ರ ಆ ಕೆಲಸ ಮಾಡಿತು.

ಹಿರೋಶಿಮಾದ ಮಾತಿಗೆ ಮರಳಿದರೆ, 1946ರ ಆಗಸ್ಟ್ 31ರ ‘ನ್ಯೂಯಾರ್ಕರ್’ ಸಂಚಿಕೆಯನ್ನು ನೆನೆಯಲೇಬೇಕು. ಇಡೀ ಸಂಚಿಕೆ ಒಂದೇ ವರದಿ, ಜಾನ್ ಹರ್ಸಿ ಬರೆದದ್ದು. ಬದುಕುಳಿದ ಆರು ಜನ ಆ ದಿನವೂ ಆಮೇಲೂ ಏನೇನು ಕಂಡರು, ಏನೇನು ಮಾಡಿದರು ಎಂಬುದಷ್ಟೇ. ಬೆಳಿಗ್ಗೆ 8.15ಕ್ಕೆ ಗುಮಾಸ್ತೆಯೊಬ್ಬಳು ಪಕ್ಕದ ಮೇಜಿನ ಹುಡುಗಿಯ ಜೊತೆ ಮಾತಾಡಲು ತಲೆ ತಿರುಗಿಸುವುದರಿಂದ ಶುರು. ‘ಘೋರ’ ಇಲ್ಲ, ‘ಭೀಕರ’ ಇಲ್ಲ. ಭವಿಷ್ಯವಾಣಿಯೂ ಇಲ್ಲ. ಪತ್ರಿಕೆಯ ಪ್ರತಿಗಳು ಅಂಗಡಿಗಳಲ್ಲಿ ಉಳಿಯಲಿಲ್ಲ, ರೇಡಿಯೊದಲ್ಲಿ ಪೂರ್ತಿ ಓದಿದರು. ಇಷ್ಟು ತಣ್ಣಗಿನ ಬರಹವೂ ಜಪಾನಿ ಭಾಷೆಯಲ್ಲಿ ಹೊರಬರಲು 1949 ಆಗಬೇಕಾಯಿತು. ಕತ್ತರಿ ಹಿಡಿದವರ ತಕರಾರು ಬರೀ ದನಿಯ ಮೇಲೆ ಇರಲಿಲ್ಲ ಅನ್ನುವುದು ಇದರಿಂದ ಸ್ಪಷ್ಟ.

ಈ ಕಪ್ಪು ಮಾತುಗಳು ಯಾವಾಗ ನಿಂತವು? ಪಶ್ಚಿಮ ಜರ್ಮನಿಯ ಮಟ್ಟಿಗೆ ಅದಕ್ಕೊಂದು ತಾರೀಖು ಇದೆ ಅನ್ನಬಹುದು. 1948ರ ಜೂನ್ 20, ಭಾನುವಾರ. ಹಳೆ ನೋಟು ಹೋಗಿ ಹೊಸ ಮಾರ್ಕ್ ಬಂತು. ತಲೆಗೆ 40 ಮಾರ್ಕ್ ಮೊದಲ ಕಂತು. ಸೋಮವಾರ ಬೆಳಿಗ್ಗೆ ಅಂಗಡಿಗಳ ಗಾಜಿನ ಹಿಂದೆ ಬೂಟು, ಬಾಣಲೆ, ಬೆಣ್ಣೆ ಎಲ್ಲ ಬಂದು ಕೂತಿದ್ದವು. ರಾತ್ರೋರಾತ್ರಿ ಯಾರೂ ಅವನ್ನು ತಯಾರಿಸಿರಲಿಲ್ಲ. ವ್ಯಾಪಾರಿಗಳು ತಿಂಗಳುಗಟ್ಟಲೆ ಬಚ್ಚಿಟ್ಟಿದ್ದನ್ನು ಹೊರಗೆ ತೆಗೆದಿದ್ದರು. ವರದಿಗಾರರು ಕಣ್ಣರಳಿಸಿ ಬರೆದರು, ಕೆಲವೇ ವರ್ಷಗಳಲ್ಲಿ ‘ಪವಾಡ’ ಎಂಬ ಪದ ಜರ್ಮನಿಗೆ ಅಂಟಿಕೊಂಡಿತು.

ಕಿಟಕಿಯ ಸಾಮಾನು ಕಂಡಷ್ಟು ಸುಲಭವಾಗಿ ಬ್ಯಾಂಕಿನ ಪಾಸ್‌ಬುಕ್ ಕಾಣಲಿಲ್ಲ. ನೂರು ಹಳೆ ಮಾರ್ಕ್ ಉಳಿತಾಯ ಇಟ್ಟಿದ್ದವರಿಗೆ ಕೊನೆಗೆ ಸಿಕ್ಕಿದ್ದು ಆರೂವರೆ ಹೊಸ ಮಾರ್ಕ್. ಬೆಲೆ ಏರಿತು, ಕೆಲಸ ಕಳೆದುಕೊಂಡವರು ಹೆಚ್ಚಿದರು. ನವೆಂಬರ್ 12ರಂದು ಅಮೆರಿಕ ಮತ್ತು ಬ್ರಿಟಿಷ್ ವಲಯಗಳಲ್ಲಿ ಸುಮಾರು 90 ಲಕ್ಷ ಕಾರ್ಮಿಕರು ಒಂದು ದಿನದ ಮುಷ್ಕರ ಮಾಡಿದರು. 1950ರ ಫೆಬ್ರುವರಿಯಲ್ಲಿ, ಅಂದರೆ ಹೊಸ ನೋಟು ಬಂದು ಒಂದೂವರೆ ವರ್ಷಕ್ಕೂ ಮೇಲಾದಾಗ, ಪಶ್ಚಿಮ ಜರ್ಮನಿಯಲ್ಲಿ ನಿರುದ್ಯೋಗಿಗಳ ಸಂಖ್ಯೆ ಇಪ್ಪತ್ತು ಲಕ್ಷ ಮುಟ್ಟಿತ್ತು.